ಭೌತಶಾಸ್ತ್ರ ಓದಿದವರು ಸಾಮಾನ್ಯ ಓದುಗರಿಗೆ ಬರೆಯುವುದು ಹೇಗೆ: ಮೊದಲ ಲೇಖನದಿಂದ ಮೊದಲ ಪುಸ್ತಕದವರೆಗೆ

ಈ ಮಾರ್ಗದರ್ಶಿ ಎಂ.ಎಸ್ಸಿ., ಪಿಎಚ್.ಡಿ. ಮಾಡುತ್ತಿರುವವರಿಗೆ, ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವರಿಗೆ, ಲ್ಯಾಬಿನಲ್ಲಿ ಕೂತು ‘ನಾನೂ ಏನಾದ್ರೂ ಬರೀಬೇಕು’ ಅಂತ ವರ್ಷಗಟ್ಟಲೆ ಅಂದುಕೊಳ್ಳುತ್ತಲೇ ಇರುವವರಿಗೆ. ಕನ್ನಡದಲ್ಲಿ ಬರೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಇಂಗ್ಲಿಷಿನಲ್ಲಿ ಬರೆಯುವವರಿಗೂ ಮುಕ್ಕಾಲು ಪಾಲು ಹೊಂದುತ್ತದೆ.

1. ನಿಮ್ಮ ಬಂಡವಾಳ ಯಾವುದು ಅಂತ ಗುರುತಿಸಿಕೊಳ್ಳಿ

ಮಾಹಿತಿಯನ್ನು ಬಂಡವಾಳ ಅಂದುಕೊಂಡು ಹೊರಟರೆ ಕಷ್ಟ. ಕಪ್ಪುಕುಳಿ ಅಂದರೇನು ಅಂತ ತಿಳಿಯಲು ಯಾರೂ ನಿಮ್ಮ ಲೇಖನಕ್ಕೆ ಕಾಯುವುದಿಲ್ಲ, ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ನಿಮ್ಮ ಹತ್ತಿರ ಇರುವುದು ಒಂದು ಚಟ. ಯಾವುದೇ ಸಂಖ್ಯೆ ಕಂಡರೂ ಸಿಕ್ಕ ಚೀಟಿಯ ಮೇಲೆ ಗೀಚಿ ‘ಇದು ನಿಜ ಇರಬಹುದಾ?’ ಅಂತ ನೋಡುವ ಚಟ. ಅದು ಸುದ್ದಿಮನೆಯಲ್ಲಿ ಬಹಳ ಜನಕ್ಕೆ ಇಲ್ಲ, ಓದುಗರಿಗೆ ಬೇಕಾಗಿರುವುದೂ ಅದೇ.

ಒಂದು ಉದಾಹರಣೆ ನೋಡಿ. 2011ರ ಸೆಪ್ಟೆಂಬರಿನಲ್ಲಿ ‘ನ್ಯೂಟ್ರಿನೊಗಳು ಬೆಳಕಿಗಿಂತ ವೇಗವಾಗಿ ಹೋದವು’ ಅನ್ನುವ ಸುದ್ದಿ ಬಂತು. ನ್ಯೂಟ್ರಿನೊ ಅಂದರೆ ಹೆಚ್ಚುಕಡಿಮೆ ಏನನ್ನೂ ತಾಗದೆ ಬಂಡೆಯನ್ನೂ ತೂರಿಹೋಗುವ ಪುಟ್ಟ ಕಣ. ಜಿನೀವಾ ಬಳಿಯ ಕಣಭೌತ ಪ್ರಯೋಗಾಲಯ ಸರ್ನ್‌ನಿಂದ ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯಕ್ಕೆ ಸುಮಾರು 730 ಕಿ.ಮೀ. ಬೆಳಕಿಗೆ ಈ ದೂರ ಕ್ರಮಿಸಲು 2.4 ಮಿಲಿಸೆಕೆಂಡು ಬೇಕು. ನ್ಯೂಟ್ರಿನೊಗಳು ಅದಕ್ಕಿಂತ 60 ನ್ಯಾನೊಸೆಕೆಂಡು ಮೊದಲೇ ಬಂದವು ಅಂತ ಒಪೆರಾ ಅನ್ನುವ ಪ್ರಯೋಗದ ತಂಡ ಹೇಳಿತು. ಐನ್‌ಸ್ಟೈನ್ ತಪ್ಪು ಅಂತ ಹೆಡ್‌ಲೈನುಗಳು ಬಂದವು. ಹೆಚ್ಚಿನ ಪತ್ರಿಕೆಗಳು ಒಬ್ಬ ತಜ್ಞರ ‘ಕಾದು ನೋಡೋಣ’ ಅನ್ನುವ ಮಾತು ಸೇರಿಸಿ ಮುಗಿಸಿದವು.

ಇಲ್ಲಿ ಭೌತಶಾಸ್ತ್ರ ಓದಿದವರಿಗೆ ಮಾಡಲು ಒಂದು ಲೆಕ್ಕ ಇತ್ತು. 60 ನ್ಯಾನೊಸೆಕೆಂಡನ್ನು 2.4 ಮಿಲಿಸೆಕೆಂಡಿನಿಂದ ಭಾಗಿಸಿ. 40,000ದಲ್ಲಿ ಒಂದು ಪಾಲು ಬರುತ್ತದೆ. ಈಗ 1987ಕ್ಕೆ ಹೋಗಿ. ಆ ವರ್ಷ ಫೆಬ್ರವರಿಯಲ್ಲಿ ಪಕ್ಕದ ಪುಟ್ಟ ಗ್ಯಾಲಕ್ಸಿಯಲ್ಲಿ, ಅಂದರೆ ಸುಮಾರು 1,68,000 ಜ್ಯೋತಿರ್ವರ್ಷ ದೂರದಲ್ಲಿ, ಒಂದು ನಕ್ಷತ್ರ ಸಿಡಿದದ್ದು ಕಂಡಿತು. ಅದರ ನ್ಯೂಟ್ರಿನೊಗಳು ಜಪಾನಿನ ಕಮಿಯೊಕಾಂಡೆ ಅನ್ನುವ ಪತ್ತೆಯಂತ್ರದಲ್ಲಿ ಸಿಕ್ಕವು, ಬೆಳಕಿಗಿಂತ ಕೆಲವೇ ಗಂಟೆ ಮುಂಚೆ. ಒಪೆರಾ ಹೇಳಿದ ವೇಗ ನಿಜವಾಗಿದ್ದರೆ ಎಷ್ಟು ಮುಂಚೆ ಬರಬೇಕಿತ್ತು? 1,68,000 ವರ್ಷವನ್ನು 40,000ದಿಂದ ಭಾಗಿಸಿ: ನಾಲ್ಕು ವರ್ಷಕ್ಕಿಂತ ಜಾಸ್ತಿ! ಆ ಕೆಲವು ಗಂಟೆಗಳ ವ್ಯತ್ಯಾಸಕ್ಕೂ ಕಾರಣ ಗೊತ್ತಿದೆ. ನ್ಯೂಟ್ರಿನೊಗಳು ನಕ್ಷತ್ರದ ಒಡಲಿನಿಂದ ನೇರ ಹೊರಗೆ ಬರುತ್ತವೆ, ಬೆಳಕು ಹೊರಡಬೇಕಾದರೆ ಸ್ಫೋಟದ ಅಲೆ ಮೇಲ್ಮೈ ತಲುಪಬೇಕು. ಎರಡೂ ಕಡೆ ನ್ಯೂಟ್ರಿನೊಗಳ ಶಕ್ತಿ ಬೇರೆ ಬೇರೆ, ಹಾಗಾಗಿ ಇದು ಪೂರ್ತಿ ಖಂಡನೆ ಅಲ್ಲ ಅನ್ನುವ ತಕರಾರು ಉಂಟು. ಅದನ್ನೂ ಒಂದು ವಾಕ್ಯದಲ್ಲಿ ಬರೆಯಬೇಕು. ಒಪೆರಾದ ಅಳತೆ ತಪ್ಪಲು ಸರಿಯಾಗಿ ಕೂರದ ಒಂದು ಫೈಬರ್ ಕೇಬಲ್ಲು ಮುಖ್ಯ ಕಾರಣ ಅಂತ 2012ರಲ್ಲಿ ಗೊತ್ತಾಯಿತು.

ಎರಡು ಭಾಗಾಕಾರ, ಅಷ್ಟೇ. ಎಂಟನೇ ಕ್ಲಾಸಿನ ಹುಡುಗಿಯೂ ಹಿಂಬಾಲಿಸಬಹುದು. ಆದರೆ ಯಾವ ಎರಡು ಸಂಖ್ಯೆಯನ್ನು ಅಕ್ಕಪಕ್ಕ ಇಡಬೇಕು ಅಂತ ಹೊಳೆಯಲು ಈ ವಿಷಯದಲ್ಲಿ ಸ್ವಲ್ಪ ವರ್ಷ ಬೆವರು ಸುರಿಸಿರಬೇಕು. ನೀವು ಸುರಿಸಿದ್ದೀರಿ. ಈ ಮಾರ್ಗದರ್ಶಿಯಲ್ಲಿ ಮುಂದೆ ಬರುವುದೆಲ್ಲ ಈ ಒಂದು ಅಭ್ಯಾಸವನ್ನು ಹೇಗೆ ಬಳಸಬೇಕು ಅನ್ನುವುದರ ಬಗ್ಗೆಯೇ.

2. ಹೊಟ್ಟೆಪಾಡಿನ ಲೆಕ್ಕ ಮೊದಲು ಹಾಕಿ

ನಿಮ್ಮ ಅಭ್ಯಾಸವನ್ನು ಮೊದಲು ನಿಮ್ಮ ಮೇಲೆಯೇ ಪ್ರಯೋಗಿಸಿ. 200 ರೂಪಾಯಿಯ ಪುಸ್ತಕ, 1,000 ಪ್ರತಿ, ಶೇ 10 ರಾಯಲ್ಟಿ ಅಂತ ಇಟ್ಟುಕೊಳ್ಳಿ. ಎಲ್ಲಾ ಪ್ರತಿ ಖರ್ಚಾದರೆ 20,000 ರೂಪಾಯಿ. ಬರೆಯಲು ಒಂದು ವರ್ಷದ ಸಂಜೆಗಳು ಹೋಗಿರುತ್ತವೆ, ಪುಸ್ತಕ ಮಾರಾಟವಾಗಲು ಇನ್ನೂ ಹೆಚ್ಚು ಸಮಯ ಹಿಡಿಯಬಹುದು. ಪತ್ರಿಕೆಯ ಗೌರವಧನ ಪೆಟ್ರೋಲಿಗೆ ಸಾಕಾದರೆ ದೊಡ್ಡದು. ಹೆದರಿಸಲು ಹೇಳುತ್ತಿಲ್ಲ, ಕೆಲಸ ಬಿಟ್ಟು ಬರೆಯಲು ಕೂರುವ ಮುಂಚೆ ಈ ಗುಣಾಕಾರ ಮಾಡಿರಿ ಅಂತ ಅಷ್ಟೇ.

ಆದ್ದರಿಂದಲೇ ಹೆಚ್ಚಿನವರು ಒಂದು ಕಾಲನ್ನು ನೌಕರಿಯಲ್ಲಿ ಇಟ್ಟುಕೊಂಡೇ ಬರೆದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ‘ವಿಜ್ಞಾನ’ ಅನ್ನುವ ಮಾಸಪತ್ರಿಕೆ ಶುರುಮಾಡಿದರು. ಕನ್ನಡದಲ್ಲಿ ಬರೆಯುವ ಭೌತಶಾಸ್ತ್ರದ ಮೇಷ್ಟ್ರುಗಳ ಸಾಲು ಅಲ್ಲಿಂದ ಹಿಡಿದು ಎಚ್.ಆರ್. ರಾಮಕೃಷ್ಣರಾವ್, ಅಡ್ಯನಡ್ಕ ಕೃಷ್ಣಭಟ್ಟರವರೆಗೆ ಬರುತ್ತದೆ. ಪಾಠ ಮಾಡುವವರಿಗೆ ಒಂದು ದೊಡ್ಡ ಅನುಕೂಲ ಇದೆ: ಯಾವ ವಾಕ್ಯಕ್ಕೆ ಹಿಂದಿನ ಬೆಂಚು ಕಣ್ಣು ಮುಚ್ಚುತ್ತದೆ ಅಂತ ಅವರಿಗೆ ದಿನಾ ಗೊತ್ತಾಗುತ್ತದೆ.

ಸಂಶೋಧನೆಯಲ್ಲಿ ಇದ್ದುಕೊಂಡೇ ಬರೆಯುವವರಿಗೆ ಖಗೋಳ ಭೌತವಿಜ್ಞಾನಿ ಜಯಂತ ನಾರಳೀಕರ್ ಒಳ್ಳೆಯ ಮಾದರಿ. ಕೇಂಬ್ರಿಡ್ಜಿನಲ್ಲಿ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ಜೊತೆ ಕೆಲಸ ಮಾಡಿ, 1972ರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ (ಟಿಐಎಫ್‌ಆರ್) ಬಂದು, ಮುಂದೆ ಪುಣೆಯಲ್ಲಿ ಅಯೂಕಾ ಅನ್ನುವ ಖಗೋಳ ಸಂಶೋಧನಾ ಕೇಂದ್ರ ಕಟ್ಟಿ, ಇದರ ನಡುವೆಯೇ ಮರಾಠಿಯಲ್ಲಿ ಕಥೆ ಲೇಖನ ಬರೆದರು. 1996ರಲ್ಲಿ, ವಿಜ್ಞಾನವನ್ನು ಜನಕ್ಕೆ ತಲುಪಿಸುವವರಿಗೆ ಯುನೆಸ್ಕೊ ಕೊಡುವ ಕಳಿಂಗ ಪ್ರಶಸ್ತಿ ಬಂತು. 2025ರಲ್ಲಿ ತೀರಿಕೊಳ್ಳುವವರೆಗೂ ಅವರನ್ನು ಮಹಾರಾಷ್ಟ್ರದ ಮನೆಮನೆಯಲ್ಲಿ ಗುರುತಿಸುತ್ತಿದ್ದದ್ದು ಸಂಶೋಧನಾ ಪ್ರಬಂಧಗಳಿಂದ ಅಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ದಾರಿ ತಾರಾಲಯ, ವಿಜ್ಞಾನ ಕೇಂದ್ರ, ಸಂಶೋಧನಾ ಸಂಸ್ಥೆಗಳ ಜನಸಂಪರ್ಕ ವಿಭಾಗ. ಖಗೋಳ ವಿಜ್ಞಾನಿ ಬಿ.ಎಸ್. ಶೈಲಜಾ ಅವರು ಬೆಂಗಳೂರಿನ ನೆಹರೂ ತಾರಾಲಯದಲ್ಲಿದ್ದುಕೊಂಡು ಕನ್ನಡದಲ್ಲಿ ಬರೆದದ್ದು ಈ ದಾರಿ. ಇಲ್ಲಿ ಜನಕ್ಕೆ ವಿವರಿಸುವುದೇ ಕೆಲಸ, ಅದಕ್ಕೇ ಸಂಬಳ. ಪೂರ್ಣಾವಧಿ ಪತ್ರಿಕೋದ್ಯಮ ಮೂರನೆಯದು. ಅಮೆರಿಕದಲ್ಲಿ ಓದುತ್ತಿರುವವರು ಸಾಂಟಾ ಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಪದವೀಧರರಿಗೆಂದೇ ಇರುವ ಬರವಣಿಗೆಯ ಕೋರ್ಸನ್ನು ನೋಡಬಹುದು. ಕನ್ನಡ ಪತ್ರಿಕೆಗಳಲ್ಲಿ ಬರೀ ವಿಜ್ಞಾನಕ್ಕೆ ಅಂತ ಪೂರ್ಣಾವಧಿ ಕೆಲಸ ಸಿಗುವುದು ಅಪರೂಪ. ಸಿಕ್ಕರೂ ಬೆಳಿಗ್ಗೆ ಡೆಂಗಿ, ಮಧ್ಯಾಹ್ನ ರಾಕೆಟ್ಟು, ಸಂಜೆ ಇನ್ನೇನೋ ಬರೆಯಬೇಕಾಗುತ್ತದೆ.

3. ಮೊದಲ ವಿಷಯ ಕಾಲಬುಡದಿಂದ ಎತ್ತಿಕೊಳ್ಳಿ

ಹೊಸಬರು ಸ್ಟ್ರಿಂಗ್ ಸಿದ್ಧಾಂತ, ಕ್ವಾಂಟಮ್ ಕಂಪ್ಯೂಟರ್, ಬಹುವಿಶ್ವ ಅಂತ ಶುರುಮಾಡುತ್ತಾರೆ. ಬೇಡ. ಅದರ ಬಗ್ಗೆ ನಿಮಗೂ ಪುಸ್ತಕದಿಂದಲೇ ಗೊತ್ತು, ಓದುಗರಿಗೆ ಪರೀಕ್ಷಿಸಲು ಏನೂ ಇಲ್ಲ. ಓದುಗರು ತಮ್ಮ ಅಂಗಳದಲ್ಲಿ ನಿಂತು ನೋಡಿ ‘ಹೌದಲ್ವಾ!’ ಅನ್ನುವಂಥದ್ದು ಹುಡುಕಿ.

ಶೂನ್ಯ ನೆರಳಿನ ದಿನ, ಅಂದರೆ ಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ಬಂದು ನೆಟ್ಟ ಕೋಲಿನ ನೆರಳು ಮಾಯವಾಗುವ ದಿನ, ಹೇಳಿ ಮಾಡಿಸಿದ ವಿಷಯ. ಪ್ರತಿ ವರ್ಷ ಏಪ್ರಿಲ್ 24ರ ಸುಮಾರಿಗೆ ‘ಬೆಂಗಳೂರಿನಲ್ಲಿ ಇಂದು ನೆರಳು ಮಾಯ’ ಅಂತ ಸುದ್ದಿ ಬರುತ್ತದೆ. ರಾಯಚೂರಿನಲ್ಲಿ ಕೂತು ಓದುವವರಿಗೆ ಅದರಿಂದ ಏನು ಪ್ರಯೋಜನ? ಅವರೂ ಅವತ್ತೇ ಕೋಲು ನೆಟ್ಟು ನೋಡುತ್ತಾರೆ, ನೆರಳು ಕಾಣುತ್ತದೆ, ಇದೆಲ್ಲ ಸುಳ್ಳು ಅಂದುಕೊಳ್ಳುತ್ತಾರೆ. ನೀವು ಲೆಕ್ಕ ಕೊಡಿ.

ಸೂರ್ಯ ನೆತ್ತಿಯ ಮೇಲೆ ಬರುವ ಅಕ್ಷಾಂಶ ಮಾರ್ಚ್ 21ರಂದು ಸೊನ್ನೆ. ಅಲ್ಲಿಂದ ಉತ್ತರಕ್ಕೆ ಸರಿಯುತ್ತಾ ಜೂನ್ 21ಕ್ಕೆ 23.4 ಡಿಗ್ರಿ ಮುಟ್ಟಿ ಹಿಂದಿರುಗುತ್ತದೆ. ಈ ಓಡಾಟ ಹೆಚ್ಚುಕಡಿಮೆ ಸೈನ್ ರೇಖೆ. ನಿಮ್ಮ ಊರಿನ ಅಕ್ಷಾಂಶವನ್ನು 23.4ರಿಂದ ಭಾಗಿಸಿ, ಅದು ಯಾವ ಕೋನದ ಸೈನ್ ಅಂತ ಫೋನಿನ ಕ್ಯಾಲ್ಕುಲೇಟರಿನಲ್ಲಿ ನೋಡಿ, ಆ ಕೋನವನ್ನು 365/360ರಿಂದ ಗುಣಿಸಿದರೆ ಮಾರ್ಚ್ 21ರಿಂದ ಎಷ್ಟು ದಿನ ಅಂತ ಬರುತ್ತದೆ. ಬೆಂಗಳೂರು 12.97 ಡಿಗ್ರಿ: 34 ದಿನ, ಏಪ್ರಿಲ್ 24. ಮೈಸೂರು 12.3 ಡಿಗ್ರಿ: ಏಪ್ರಿಲ್ 22. ಬೆಳಗಾವಿ 15.85: ಮೇ 3. ಬೀದರ್ 17.9: ಮೇ 10–11. ಒಂದು ದಿನ ಆಚೀಚೆ ಆಗಬಹುದು, ಅದನ್ನೂ ಬರೆಯಿರಿ. ಜೂನ್ 21ರಿಂದ ಅಷ್ಟೇ ದೂರ ಆಚೆ ಹೋದರೆ ಎರಡನೇ ದಿನವೂ ಸಿಗುತ್ತದೆ, ಬೆಂಗಳೂರಿಗೆ ಆಗಸ್ಟ್ 18ರ ಸುಮಾರು. ಕರ್ನಾಟಕ ಪೂರ್ತಿ ಕರ್ಕಾಟಕ ಸಂಕ್ರಾಂತಿ ವೃತ್ತದ ಕೆಳಗೇ ಇರುವುದರಿಂದ ರಾಜ್ಯದ ಪ್ರತಿ ಊರಿಗೂ ವರ್ಷಕ್ಕೆ ಎರಡು ಸಲ ಈ ಭಾಗ್ಯ ಉಂಟು, ದೆಹಲಿಗೆ ಒಂದು ಸಲವೂ ಇಲ್ಲ.

ಇನ್ನೊಂದು ಸ್ವಾರಸ್ಯ: ಮಂಗಳೂರು ಬೆಂಗಳೂರು ಹೆಚ್ಚುಕಡಿಮೆ ಒಂದೇ ಅಕ್ಷಾಂಶ, ಹಾಗಾಗಿ ದಿನ ಒಂದೇ. ಆದರೆ ಮಂಗಳೂರು ಪಶ್ಚಿಮಕ್ಕೆ ಇದೆ. ಒಂದು ಡಿಗ್ರಿ ರೇಖಾಂಶಕ್ಕೆ ನಾಲ್ಕು ನಿಮಿಷ, ಎರಡೂಮುಕ್ಕಾಲು ಡಿಗ್ರಿಗೆ 11 ನಿಮಿಷ. ಬೆಂಗಳೂರಿನಲ್ಲಿ ಮಧ್ಯಾಹ್ನ 12.17ರ ಸುಮಾರಿಗೆ ನೆರಳು ಹೋದರೆ ಮಂಗಳೂರಿನಲ್ಲಿ 12.28ಕ್ಕೆ. ಇಬ್ಬರು ಗೆಳೆಯರು ಫೋನಿನಲ್ಲಿ ಮಾತಾಡಿಕೊಂಡೇ ಭೂಮಿ ತಿರುಗುವುದನ್ನು ಅಳೆಯಬಹುದು. ಲೇಖನ ಇಲ್ಲಿಗೇ ಮುಗಿಸಬಹುದು. ಇಷ್ಟರಲ್ಲಿ ನೀವು ಯಾವ ಪತ್ರಿಕಾ ಪ್ರಕಟಣೆಯನ್ನೂ ನಕಲು ಮಾಡಿಲ್ಲ, ಓದುಗರು ನಿಮ್ಮನ್ನು ಸುಮ್ನೆ ನಂಬಬೇಕಾಗಿಯೂ ಇಲ್ಲ.

ಇಂಥ ವಿಷಯಗಳ ಪಟ್ಟಿ ಒಂದು ನೋಟ್‌ಬುಕ್ಕಿನಲ್ಲಿ ಇಡಿ. ಜೋಗದ ನೀರಿನಿಂದ ಎಷ್ಟು ವಿದ್ಯುತ್ ಬರಬಹುದು, ಮಲೆನಾಡಿನಲ್ಲಿ ಸಿಡಿಲು ಎಷ್ಟು ದೂರದಲ್ಲಿ ಬಿತ್ತು ಅಂತ ಸದ್ದಿನಿಂದ ಹೇಗೆ ತಿಳಿಯುವುದು, ಗೋಳಗುಮ್ಮಟದ ಪಿಸುಮಾತು ಆ ಕಡೆಗೆ ಹೇಗೆ ಕೇಳುತ್ತದೆ, ಗೌರಿಬಿದನೂರಿನ ಬಯಲಿನಲ್ಲಿ ತಂತಿ ಕಟ್ಟಿ ಆಕಾಶದ ರೇಡಿಯೊ ಅಲೆ ಹಿಡಿಯುವುದು ಯಾಕೆ. ಒಂದು ವರ್ಷಕ್ಕೆ ಸಾಕಾಗುವಷ್ಟು ಸರಕು ಊರಿನ ಸುತ್ತಲೇ ಇದೆ.

4. ಬರೆಯಿರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಒಂದು ವಿಷಯ ತೆಗೆದುಕೊಳ್ಳಿ: ಕೋಲಾರದ ಚಿನ್ನದ ಗಣಿ. 1965ರಲ್ಲಿ ಅಲ್ಲಿ, ನೆಲದಿಂದ ಸುಮಾರು 2.3 ಕಿ.ಮೀ. ಆಳದಲ್ಲಿ, ಟಿಐಎಫ್‌ಆರ್ ಮತ್ತು ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾಲಯಗಳ ತಂಡ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಪತ್ತೆಮಾಡಿತು. ಸರಿಸುಮಾರು ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಸಿಕ್ಕಿತು.

ಸಾಮಾನ್ಯವಾಗಿ ಬರೆಯುವ ರೀತಿ ಹೀಗೆ: ‘ನ್ಯೂಟ್ರಿನೊ ಎಂಬುದು ಒಂದು ಮೂಲಭೂತ ಕಣ. ಇದನ್ನು 1930ರಲ್ಲಿ ಪೌಲಿ ಊಹಿಸಿದರು...’ ಪಠ್ಯಪುಸ್ತಕ. ಮೂರನೇ ಸಾಲಿಗೆ ಓದುಗರು ಕ್ರಿಕೆಟ್ ಪುಟಕ್ಕೆ ಹೋಗಿರುತ್ತಾರೆ. ಬದಲು ಒಂದು ಪ್ರಶ್ನೆಯಿಂದ ಶುರುಮಾಡಿ: ಆಕಾಶದಿಂದ ಬರುವ ಕಣವನ್ನು ಹಿಡಿಯಲು ಪಾತಾಳಕ್ಕೆ ಯಾಕೆ ಇಳಿಯಬೇಕು?

ಉತ್ತರ ಓದುಗರ ಅಂಗೈಯಿಂದಲೇ ಹೊರಡಬಹುದು. ಸಮುದ್ರ ಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ನಿಮಿಷಕ್ಕೆ ಸುಮಾರು ಒಂದು ಮ್ಯೂಆನ್ ಬೀಳುತ್ತದೆ. ವಾತಾವರಣದಲ್ಲಿ ಹುಟ್ಟಿ ಕೆಳಗೆ ಸುರಿಯುವ, ಎಲೆಕ್ಟ್ರಾನಿನಂಥ ಆದರೆ ಅದಕ್ಕಿಂತ ಭಾರದ ಕಣ ಅದು. ಅಂಗೈ 100 ಚದರ ಸೆಂಟಿಮೀಟರ್ ಅಂದುಕೊಂಡರೆ ನಿಮಿಷಕ್ಕೆ ನೂರು, ಸೆಕೆಂಡಿಗೆ ಒಂದಕ್ಕಿಂತ ಜಾಸ್ತಿ. ಈ ಸಾಲು ಓದುವಷ್ಟರಲ್ಲಿ ನಾಲ್ಕಾರು ದಾಟಿರುತ್ತವೆ. ಇಷ್ಟು ಗದ್ದಲದ ನಡುವೆ ವರ್ಷಕ್ಕೆ ಕೈಬೆರಳೆಣಿಕೆಯಷ್ಟು ಸಲ ಮಾತ್ರ ತಾನಿದ್ದೇನೆ ಅಂತ ತೋರಿಸುವ ನ್ಯೂಟ್ರಿನೊವನ್ನು ಹುಡುಕುವುದು ಹೇಗೆ? ಮ್ಯೂಆನ್‌ಗಳನ್ನು ತಡೆಯುವ ಚಪ್ಪರ ಬೇಕು. ಎರಡು ಕಿಲೋಮೀಟರಿಗಿಂತ ದಪ್ಪ ಕಲ್ಲಿನ ಚಪ್ಪರ ಕೋಲಾರದಲ್ಲಿ ಆಗಲೇ ಸಿದ್ಧವಿತ್ತು, ಚಿನ್ನ ಅಗೆಯುವವರ ಬೆವರಿನಿಂದ. ಪೌಲಿ ಈಗ ಬರಲಿ, ಬೇಕಾದರೆ.

ನೋಡಿ, ಯಾವ ಹೋಲಿಕೆಯೂ ಹೆಚ್ಚು ಬೇಕಾಗಲಿಲ್ಲ. ಒಳ್ಳೆಯ ಸಂಖ್ಯೆ ಸಿಕ್ಕರೆ ಹೋಲಿಕೆಯ ಅಗತ್ಯ ಕಡಿಮೆ ಆಗುತ್ತದೆ. ಹೋಲಿಕೆ ಬಳಸಲೇಬೇಕಾದರೆ ಅದು ಎಲ್ಲಿ ಕೈಕೊಡುತ್ತದೆ ಅಂತಲೂ ಹೇಳಿ. ಗುರುತ್ವವನ್ನು ವಿವರಿಸಲು ಎಲ್ಲರೂ ರಬ್ಬರ್ ಹಾಳೆಯ ಮೇಲೆ ಭಾರದ ಗುಂಡು ಇಡುತ್ತಾರೆ. ಆದರೆ ಗುಂಡು ಹಾಳೆಯನ್ನು ತಗ್ಗಿಸುವುದೇ ಕೆಳಗಿನ ಭೂಮಿಯ ಗುರುತ್ವದಿಂದ! ಗುರುತ್ವವನ್ನು ಗುರುತ್ವದಿಂದಲೇ ವಿವರಿಸಿದ ಹಾಗಾಯಿತು. ಚುರುಕಾದ ಓದುಗರು ಇದನ್ನು ಗಮನಿಸುತ್ತಾರೆ, ನೀವು ಹೇಳದೆ ಬಿಟ್ಟರೆ ಅವರ ವಿಶ್ವಾಸ ಕಳೆದುಕೊಳ್ಳುತ್ತೀರಿ.

ಸಮೀಕರಣದ ಬಗ್ಗೆ ಒಂದು ಮಾತು. ಸ್ಟೀಫನ್ ಹಾಕಿಂಗ್ 1988ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಒಂದೇ ಒಂದು ಸಮೀಕರಣ ಉಳಿಸಿಕೊಂಡರು. ಅದನ್ನೇ ಹಿಡಿದುಕೊಂಡು ಎಲ್ಲರೂ ಲೆಕ್ಕವನ್ನೇ ಓಡಿಸಿಬಿಟ್ಟರು. ಚಿಹ್ನೆಗಳು ಬೇಡ, ಒಪ್ಪುತ್ತೇನೆ. ಆದರೆ ಗುಣಾಕಾರ ಭಾಗಾಕಾರಕ್ಕೆ ನಮ್ಮ ಓದುಗರು ಹೆದರುವುದಿಲ್ಲ. ಗುಂಟೆ–ಎಕರೆ, ಚೀಟಿ ದುಡ್ಡು, ಬಡ್ಡಿ ಎಲ್ಲ ಬಾಯಲ್ಲೇ ಲೆಕ್ಕ ಹಾಕುವ ಜನ. ಭಾಗಾಕಾರವನ್ನು ಮಾತಿನಲ್ಲಿ ಬರೆದರೆ ಖಂಡಿತ ಜೊತೆಗೆ ಬರುತ್ತಾರೆ.

ಸಂಖ್ಯೆಗಳನ್ನು ನಮ್ಮ ಅಳತೆಗೆ ತನ್ನಿ. ಮಿಲಿಯನ್ ಅಂದರೆ 10 ಲಕ್ಷ, ಬಿಲಿಯನ್ ಅಂದರೆ 100 ಕೋಟಿ. ವಿಶ್ವದ ವಯಸ್ಸು 1,380 ಕೋಟಿ ವರ್ಷ. ಇಂಗ್ಲಿಷಿನಿಂದ ಅವಸರದಲ್ಲಿ ತರುವಾಗ ಇಲ್ಲಿ ಒಂದು ಸೊನ್ನೆ ಜಾರುವುದು ಬಹಳ ಸಾಮಾನ್ಯ. ಪ್ರತಿ ಸಲವೂ ಎರಡು ಬಾರಿ ನೋಡಿ.

ಪದಗಳಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎಲೆಕ್ಟ್ರಾನ್, ಲೇಸರ್, ನ್ಯೂಟ್ರಿನೊ ಹಾಗೇ ಇರಲಿ. ಗುರುತ್ವ, ಕಕ್ಷೆ, ವೇಗ ಶಾಲೆಯಿಂದಲೇ ಬಂದಿವೆ. ಒಂದು ಪದ ಹಿಡಿದರೆ ಲೇಖನ ಮುಗಿಯುವವರೆಗೆ ಅದನ್ನೇ ಬಳಸಿ.

ಕೊನೆಯದಾಗಿ, ಗಟ್ಟಿಯಾಗಿ ಓದಿ. ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ‘ಮಾಡಲ್ಪಟ್ಟ’, ‘ಎಂಬುದಾಗಿ ಪರಿಗಣಿಸಲಾಗುತ್ತದೆ’ ಅನ್ನುವ ಯಾವುದಾದರೂ ಪ್ರಬಂಧದ ಭೂತ ಕೂತಿರುತ್ತದೆ. ಓಡಿಸಿ.

5. ಇಬ್ಬರಿಂದ ಓದಿಸಿ, ಮೂಲ ಪ್ರಬಂಧ ನೋಡಿ

ಒಬ್ಬರು ವಿಷಯ ಗೊತ್ತಿರುವವರು, ಇನ್ನೊಬ್ಬರು ಏನೂ ಗೊತ್ತಿಲ್ಲದ ಆದರೆ ಮುಲಾಜಿಲ್ಲದೆ ಮಾತಾಡುವವರು. ಎರಡನೆಯವರಿಗೆ ‘ಚೆನ್ನಾಗಿದೆಯಾ’ ಅಂತ ಕೇಳಬೇಡಿ, ಚೆನ್ನಾಗಿದೆ ಅಂದುಬಿಡುತ್ತಾರೆ. ‘ಇದರಲ್ಲಿ ಏನು ಹೇಳಿದ್ದೇನೆ, ನನಗೆ ಹೇಳು’ ಅನ್ನಿ. ಅವರು ತಡವರಿಸಿದ ಜಾಗ ತಿದ್ದಬೇಕಾದ ಜಾಗ.

ಸುದ್ದಿಯ ಮೇಲೆ ಬರೆಯುವಾಗ ಪತ್ರಿಕಾ ಪ್ರಕಟಣೆಯ ಮೇಲೆ ನಿಲ್ಲಬೇಡಿ. ಭೌತಶಾಸ್ತ್ರದಲ್ಲಿ ನಮಗೊಂದು ಸೌಕರ್ಯ ಇದೆ: 1991ರಿಂದ ಅರ್ಕೈವ್ ತಾಣದಲ್ಲಿ ಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ಅಲ್ಲಿರುವುದೆಲ್ಲ ಪರಿಶೀಲನೆ ಆಗಿರುವುದಲ್ಲ ಅನ್ನುವುದು ನೆನಪಿರಲಿ. ಸಾರಾಂಶ, ಚಿತ್ರಗಳು, ಕೊನೆಯ ಭಾಗ, ಜೊತೆಗೆ ಅಳತೆಯಲ್ಲಿ ಎಷ್ಟು ತಪ್ಪಿರಬಹುದು ಅಂತ ಬರೆದುಕೊಂಡಿರುವ ಭಾಗ, ಇಷ್ಟನ್ನಾದರೂ ಓದಿ.

ಹೆಡ್‌ಲೈನಿನ ಮೇಲೂ ಕಣ್ಣಿರಲಿ. 2023ರ ಆಗಸ್ಟ್ 23ರಂದು ಚಂದ್ರಯಾನ–3 ‘ದಕ್ಷಿಣ ಧ್ರುವದಲ್ಲಿ’ ಇಳಿಯಿತು ಅಂತ ಎಲ್ಲ ಕಡೆ ಬಂತು. ಇಳಿದದ್ದು 69 ಡಿಗ್ರಿ ದಕ್ಷಿಣ ಅಕ್ಷಾಂಶದ ಹತ್ತಿರ. ಚಂದ್ರನ ಮೇಲೆ ಒಂದು ಡಿಗ್ರಿಗೆ ಸುಮಾರು 30 ಕಿ.ಮೀ., ಅಂದರೆ ಧ್ರುವ ಇನ್ನೂ 600 ಕಿ.ಮೀ.ಗಿಂತ ದೂರ. ಅಷ್ಟು ದಕ್ಷಿಣಕ್ಕೆ ಹೋಗಿ ಮೆಲ್ಲಗೆ ಇಳಿದವರು ಆವರೆಗೆ ಯಾರೂ ಇರಲಿಲ್ಲ ಅನ್ನುವುದು ಸಾಕಷ್ಟು ದೊಡ್ಡ ಸುದ್ದಿ, ಅದನ್ನು ಉಬ್ಬಿಸುವ ಅಗತ್ಯವೇ ಇರಲಿಲ್ಲ.

6. ಕಳಿಸಿ

ಪುರವಣಿಗಳಿಗೆ 600ರಿಂದ 900 ಪದ ಇಟ್ಟುಕೊಳ್ಳಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ನುಡಿಯಲ್ಲಿ ಬೇಕು ಅಂದರೆ ಬದಲಾಯಿಸಿ ಕೊಡಿ. ಮೇಲ್‌ನಲ್ಲಿ ನಿಮ್ಮ ಪದವಿಗಳ ಪಟ್ಟಿಗಿಂತ ಮೊದಲು ಲೇಖನದ ಪ್ರಶ್ನೆ ಬರಲಿ. ದಿನ ನೋಡಿಕೊಂಡು ಕಳಿಸಿ: ಫೆಬ್ರವರಿ 28ರ ವಿಜ್ಞಾನ ದಿನ, ಏಪ್ರಿಲ್‌ನ ಶೂನ್ಯ ನೆರಳು, ಅಕ್ಟೋಬರ್ ಮೊದಲ ವಾರದ ನೊಬೆಲ್, ಗ್ರಹಣಗಳು. ಮೂರ್ನಾಲ್ಕು ವಾರ ಮೊದಲೇ ತಲುಪಿದರೆ ಸಂಪಾದಕರಿಗೆ ಉಪಕಾರ, ಹಿಂದಿನ ದಿನ ಕಳಿಸಿದರೆ ಉಪದ್ರವ.

ವಾಪಸ್ ಬಂದರೆ? ಜಾರ್ಜ್ ಗ್ಯಾಮೊ ಆಗಲೇ ದೊಡ್ಡ ಹೆಸರಿನ ಭೌತಶಾಸ್ತ್ರಜ್ಞ. ಬೆಳಕಿನ ವೇಗ ಸೈಕಲ್ಲಿನ ವೇಗದಷ್ಟಿದ್ದರೆ ಲೋಕ ಹೇಗೆ ಕಾಣುತ್ತದೆ ಅಂತ ಒಬ್ಬ ಬ್ಯಾಂಕ್ ಗುಮಾಸ್ತನ ಕಥೆ ಬರೆದರು. ಅಮೆರಿಕದ ಪತ್ರಿಕೆಗಳು ಬೇಡ ಅಂದವು. 1938ರಲ್ಲಿ ಒಬ್ಬ ಸಹೋದ್ಯೋಗಿಯ ಮಾತಿನ ಮೇಲೆ ಇಂಗ್ಲೆಂಡಿನ ಪತ್ರಿಕೆಯೊಂದರ ಸಂಪಾದಕ ಸಿ.ಪಿ. ಸ್ನೋ ಅವರಿಗೆ ಕಳಿಸಿದಾಗ ಅಚ್ಚಾಯಿತು. 1956ರಲ್ಲಿ ಗ್ಯಾಮೊ ಅವರಿಗೂ ಕಳಿಂಗ ಪ್ರಶಸ್ತಿ ಬಂತು. ಗಮನಿಸಿ, ಇಲ್ಲಿಯೂ ತಂತ್ರ ಭೌತಶಾಸ್ತ್ರಜ್ಞನದ್ದೇ: ಒಂದೇ ಒಂದು ಸ್ಥಿರಾಂಕ ಬದಲಾಯಿಸು, ಉಳಿದದ್ದು ಏನಾಗುತ್ತದೆ ಲೆಕ್ಕ ಹಾಕು.

ನಾರಳೀಕರ್ ಇನ್ನೂ ತಮಾಷೆಯಾದ ಕೆಲಸ ಮಾಡಿದರು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾ ಸ್ಪರ್ಧೆಗೆ ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುಗಿಸಿ ನಾರಾಯಣ ವಿನಾಯಕ ಜಗತಾಪ್ ಅಂತ ಹೆಸರಿಟ್ಟುಕೊಂಡು, ಕೈಬರಹ ಗೊತ್ತಾಗಬಾರದೆಂದು ಹೆಂಡತಿಯಿಂದ ಬರೆಸಿ ಕಳಿಸಿದರು. ಮೊದಲ ಬಹುಮಾನ ಬಂತು. ಹೆಸರಿನ ಮುಂದಿನ ಡಾಕ್ಟರ್ ತೆಗೆದರೂ ಬರಹ ನಿಲ್ಲುತ್ತದಾ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

7. ಅಂಕಣ, ಪ್ರಶ್ನೆ, ಮಾತು

ನಾಲ್ಕಾರು ಲೇಖನ ಬಂದ ಮೇಲೆ ಅಂಕಣ ಕೇಳಿ. ಮೊದಲು ಹದಿನೈದು ದಿನಕ್ಕೊಂದು ಸಾಕು, ಶುರುವಾಗುವ ಮುಂಚೆ ಐದಾರು ಲೇಖನ ಬರೆದು ಪಕ್ಕಕ್ಕಿಟ್ಟಿರಬೇಕು. ಪರೀಕ್ಷೆ, ಮೌಲ್ಯಮಾಪನ, ಮನೆಯಲ್ಲಿ ಮದುವೆ ಯಾವುದೂ ನಿಮ್ಮ ಅಂಕಣ ನೋಡಿಕೊಂಡು ಬರುವುದಿಲ್ಲ. ಇಟಲಿಯ ಭೌತಶಾಸ್ತ್ರಜ್ಞ ಕಾರ್ಲೊ ರೊವೆಲ್ಲಿಯ ಪುಟ್ಟ ಪುಸ್ತಕ ಲೋಕದ ತುಂಬ ಓಡಿತು. ಅದರ ಪಾಠಗಳು ಶುರುವಾದದ್ದು ಒಂದು ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ.

ವಿಷಯ ಮುಗಿದುಹೋಯಿತು ಅನ್ನಿಸಿದಾಗ ಓದುಗರ ಪ್ರಶ್ನೆ ತೆಗೆಯಿರಿ. ಆಟೋಗ್ರಾಫ್ ಕೇಳುವ ಮಕ್ಕಳಿಗೆ ನಾರಳೀಕರ್, ‘ಒಂದು ಪ್ರಶ್ನೆ ಬರೆದು ಪೋಸ್ಟ್‌ಕಾರ್ಡ್ ಕಳಿಸು, ಉತ್ತರದ ಕೆಳಗೆ ಸಹಿ ಹಾಕುತ್ತೇನೆ’ ಅನ್ನುತ್ತಿದ್ದರಂತೆ. ಇವತ್ತು ಪೋಸ್ಟ್‌ಕಾರ್ಡಿನ ಜಾಗದಲ್ಲಿ ವಾಟ್ಸ್ಆ್ಯಪ್ ಇದೆ.

ಮಾತಾಡಲು ಕರೆದರೆ ಹೋಗಿ. ಶಾಲೆ, ಆಕಾಶವಾಣಿ, ಪಾಡ್‌ಕಾಸ್ಟ್ ಯಾವುದಾದರೂ ಸರಿ. ಸಿ.ವಿ. ರಾಮನ್ ರೇಡಿಯೊದಲ್ಲಿ ವಿಜ್ಞಾನ ಮಾತಾಡಿದವರು. ಹಾಯ್ಲ್ 1949ರಲ್ಲಿ ಬಿಬಿಸಿ ರೇಡಿಯೊದಲ್ಲಿ ತಾವು ಒಪ್ಪದ ಸಿದ್ಧಾಂತವನ್ನು ವಿವರಿಸುವಾಗ ಬಾಯಿಗೆ ಬಂದ ‘ಬಿಗ್ ಬ್ಯಾಂಗ್’ ಅನ್ನುವ ಹೆಸರೇ ಕೊನೆಗೆ ಆ ಸಿದ್ಧಾಂತಕ್ಕೆ ಅಂಟಿಕೊಂಡಿತು. ಬೆಂಗಳೂರಿನಲ್ಲಿದ್ದರೆ ಐಸಿಟಿಎಸ್ ಅನ್ನುವ ಸಂಶೋಧನಾ ಸಂಸ್ಥೆ ನಡೆಸುವ ‘ಕಾಪಿ ವಿತ್ ಕ್ಯೂರಿಯಾಸಿಟಿ’ ಉಪನ್ಯಾಸಗಳಿಗೆ ಹೋಗಿ ಕೂತು, ಸಭಿಕರು ಯಾವಾಗ ಫೋನ್ ತೆಗೆಯುತ್ತಾರೆ ಅಂತ ಗಮನಿಸಿ.

8. ಸಹೋದ್ಯೋಗಿಗಳು ಮತ್ತು ನಿಯಮಗಳು

‘ಸಂಶೋಧನೆ ಬಿಟ್ಟು ಕಥೆ ಬರೀತಿದ್ದಾನೆ’ ಅನ್ನುವ ಮಾತು ಬಂದೇ ಬರುತ್ತದೆ. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್‌ಗೆ 1968ರಲ್ಲಿ ಹಾರ್ವರ್ಡ್ ಕಾಯಂ ಹುದ್ದೆ ಕೊಡಲಿಲ್ಲ, 1992ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಸದಸ್ಯತ್ವವನ್ನೂ ಕೊಡಲಿಲ್ಲ. ಜನಪ್ರಿಯತೆಯೂ ಒಂದು ಕಾರಣ ಅಂತ ಅನೇಕರು ಹೇಳಿದರು. ನನ್ನ ಸಲಹೆ ಸರಳ: ಪಿಎಚ್.ಡಿ.ಯ ಕೊನೆಯ ವರ್ಷದಲ್ಲಿ ಅಂಕಣ ಶುರುಮಾಡಬೇಡಿ, ಬಿಡಿ ಲೇಖನ ಬರೆಯಿರಿ. ಹುದ್ದೆ ಕಾಯಂ ಆದ ಮೇಲೆ ಯಾರ ಮಾತಿಗೂ ಸೊಪ್ಪು ಹಾಕಬೇಡಿ.

ಸರ್ಕಾರಿ, ಅನುದಾನಿತ ಸಂಸ್ಥೆಯಲ್ಲಿದ್ದರೆ ನಡತೆ ನಿಯಮ ಓದಿಕೊಳ್ಳಿ. ಆಗಾಗ ಸಾಹಿತ್ಯ, ವಿಜ್ಞಾನ ಬರೆಯಲು ಸಾಮಾನ್ಯವಾಗಿ ಅವಕಾಶ ಇರುತ್ತದೆ. ನಿಯಮಿತ ಅಂಕಣ, ರಾಯಲ್ಟಿ, ಸ್ವಂತ ಚಾನೆಲ್ಲಿನ ಆದಾಯ ಅಂತ ಬಂದಾಗ ಲಿಖಿತ ಅನುಮತಿ ಪಡೆದು ಫೈಲಿನಲ್ಲಿಡಿ. ‘ಅಭಿಪ್ರಾಯಗಳು ನನ್ನವು’ ಅನ್ನುವ ಸಾಲು ಕೂಡ ಇರಲಿ.

9. ಪುಸ್ತಕ

ಅಂಕಣಗಳನ್ನು ಹೊಲಿದರೆ ಪುಸ್ತಕ ಆಗುವುದಿಲ್ಲ, ಕಟ್ಟು ಆಗುತ್ತದೆ. ಪ್ರತಿ ಲೇಖನದಲ್ಲೂ ‘ಬೆಳಕಿನ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್’ ಅಂತ ಹೊಸದಾಗಿ ಹೇಳಿರುತ್ತೀರಿ, ಹತ್ತನೇ ಸಲಕ್ಕೆ ಓದುಗರು ಹಲ್ಲು ಕಡಿಯುತ್ತಾರೆ. ಒಂದು ಪ್ರಶ್ನೆ ಆರಿಸಿ, ಅದರ ಹಿಂದೆ ಹತ್ತು ಅಧ್ಯಾಯ ಹೋಗಬಹುದಾ ನೋಡಿ. ಕೋಲಾರದ ಗಣಿಯನ್ನೇ ತೆಗೆದುಕೊಳ್ಳಿ: ಚಿನ್ನ, ಮ್ಯೂಆನ್, 1965, ಆಮೇಲೆ 1980ರ ದಶಕದಲ್ಲಿ ಅಲ್ಲೇ ನಡೆದ ಪ್ರೋಟಾನ್ ಕ್ಷಯದ ಹುಡುಕಾಟ, 2001ರಲ್ಲಿ ಗಣಿ ಮುಚ್ಚಿದ್ದು. ಮ್ಯೂಆನ್ ಒಂದರದ್ದೇ ಒಂದು ಅಧ್ಯಾಯ. ಅದರ ಆಯಸ್ಸು 2.2 ಮೈಕ್ರೊಸೆಕೆಂಡು, ಬೆಳಕಿನ ವೇಗದಲ್ಲಿ ಓಡಿದರೂ 660 ಮೀಟರು. ಹುಟ್ಟುವುದು ಹತ್ತು ಕಿಲೋಮೀಟರಿಗಿಂತ ಮೇಲೆ. ಮತ್ತೆ ಅಂಗೈ ಮೇಲೆ ಹೇಗೆ ಬಂತು? ಅಷ್ಟು ವೇಗದಲ್ಲಿ ಓಡುವ ಕಣಕ್ಕೆ ಕಾಲ ನಿಧಾನವಾಗುತ್ತದೆ. ಐನ್‌ಸ್ಟೈನ್ ಒಳಗೆ ಬರಲು ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ.

ಎರಡು ಅಧ್ಯಾಯ ಪೂರ್ತಿ ಬರೆದು, ಉಳಿದದ್ದರ ಅರ್ಧರ್ಧ ಪುಟದ ಟಿಪ್ಪಣಿ ಜೋಡಿಸಿ ಪ್ರಕಾಶಕರಿಗೆ ಕೊಡಿ. ವಿಜ್ಞಾನ ಪುಸ್ತಕ ಮಾಡಿ ಗೊತ್ತಿರುವವರ ಹತ್ತಿರ ಹೋಗಿ, ನವಕರ್ನಾಟಕದಂಥವರು. ಒಪ್ಪಂದದಲ್ಲಿ ಎಷ್ಟು ಪ್ರತಿ, ರಾಯಲ್ಟಿ ಮುಖಬೆಲೆಯ ಮೇಲೋ ಮಾರಾಟದ ಮೊತ್ತದ ಮೇಲೋ, ಇ–ಪುಸ್ತಕ, ಆಡಿಯೊ, ಅನುವಾದದ ಹಕ್ಕು ಯಾರದ್ದು, ಎಷ್ಟು ವರ್ಷಕ್ಕೆ, ಇವಿಷ್ಟು ಬರವಣಿಗೆಯಲ್ಲಿರಲಿ. ಇಂಟರ್ನೆಟ್ಟಿನ ಚಿತ್ರ ಎತ್ತಿ ಹಾಕಬೇಡಿ. ಒಬ್ಬ ಕಲಾವಿದರಿಂದ ರೇಖಾಚಿತ್ರ ಬರೆಸಿ, ದುಡ್ಡು ಕೊಡಿ, ಹೆಸರು ಹಾಕಿ. ಪದಸೂಚಿ ಬೇಕೇ ಬೇಕು ಅಂತ ಹಟ ಹಿಡಿಯಿರಿ. ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ಇದನ್ನು ಬಹಳ ಸಲ ಬಿಟ್ಟುಬಿಡುತ್ತಾರೆ, ಆಮೇಲೆ ಮೇಷ್ಟ್ರುಗಳು ಬೇಕಾದ ಪುಟ ಸಿಗದೆ ಪುಸ್ತಕ ಪೂರ್ತಿ ತಿರುವಿಹಾಕುತ್ತಾರೆ.

ಅಚ್ಚಾದ ದಿನದಿಂದಲೇ ತಪ್ಪುಗಳಿಗೆ ಒಂದು ಫೈಲ್ ತೆರೆಯಿರಿ. ಓದುಗರ ಪತ್ರ ಬಂದ ಹಾಗೆಲ್ಲ ಪುಟ, ಸಾಲು, ಸರಿಯಾದ ಸಂಖ್ಯೆ ಬರೆದಿಡಿ. ಎರಡನೇ ಮುದ್ರಣದ ಸುದ್ದಿಯನ್ನು ಪ್ರಕಾಶಕರು ಹೇಳುವುದು ಯಾವಾಗಲೂ ಅವಸರದಲ್ಲಿ, ‘ನಾಳೆ ಪ್ರೆಸ್ಸಿಗೆ ಹೋಗ್ತಿದೆ, ಏನಾದ್ರೂ ತಿದ್ದೋದಿದ್ಯಾ?’ ಅಂತ. ಫೈಲ್ ಇದ್ದರೆ ಅವತ್ತು ರಾತ್ರಿಯೇ ಕಳಿಸಬಹುದು.